ಹಾಯದ ಕೊಂಬು

ಬೆಳಗಿನ ಆರೂವರೆಗೆ ಒಬುಯಾ ಕೊಲ್ಲಿಯ ನೀರು ಹಾಯುತ್ತಾನೆ.
ತೊಡೆಮಟ್ಟ ರಬ್ಬರು ಬೂಟು, ಎಡಗಾಲಿಗೆ ಸೈಕಲ್ ಟ್ಯೂಬಿನ ತೇಪೆ,
ಉದ್ದ ಕೋಲಿನ ತುದಿಗೆ ಅಡುಗೆಮನೆಯ ಜರಡಿ.
ಅಂತರಗಂಗೆಯ ಬೇರು ಕೊಡವಿ, ಸೋಸಿ, ಆರಿಸಿ
ಅರ್ಧ ಗಂಟೆಗೆ ಸರಿಯಾಗಿ ನಿಲ್ಲಿಸುತ್ತಾನೆ.
ವಿಜ್ಞಾನಕ್ಕೆ ಗಡಿಯಾರ ಬೇಕು ಎಂದು ಹೇಳಿಕೊಟ್ಟದ್ದು ನಾನೇ.

ಮೊದಲು ಒಮೆನಾ ಹಿಡಿಯುತ್ತಿದ್ದವನು,
ಇರುಳಲ್ಲಿ ದೀಪ ತೇಲಿಬಿಟ್ಟು
ಬೆಳ್ಳಿಮೀನು ಮೋಸಹೋಗುವುದನ್ನು ಕಾದವನು.
ಈಗ ಹಿಡಿಯುವುದು ಇದನ್ನು:
ಕಿರುಬೆರಳ ಉಗುರಿನಷ್ಟು ಅಗಲ,
ಟಗರಿನ ಕೊಂಬಿನ ಹಾಗೆ ಸುತ್ತಿ ಸುತ್ತಿ ತನ್ನೊಳಗೇ ಹೋದ
ಚಪ್ಪಟೆ ಬಸವನಹುಳು.
ಹಾಯದ ಕೊಂಬು, ಎಂದು ನಗುತ್ತಾನೆ.
ಹಾಯುವವರು ನಾವೇ.

ನನ್ನ ಮೇಜಿನ ಮೇಲೆ ನಲವತ್ತು ಗಾಜಿನ ಲೋಟ,
ಲೋಟಕ್ಕೊಂದು ಹುಳು, ಸಾಲಿಗೊಂದು ಬಲ್ಬು.
ಹತ್ತು ದಾಟಿ ನೀರು ಬೆಚ್ಚಗಾದ ಮೇಲೆ
ಮೂವತ್ತೊಂದನೆಯದು ಮಸುಕಾಗುತ್ತದೆ.
ಅಕ್ಕಿ ತೊಳೆದ ನೀರಿನಷ್ಟಲ್ಲ,
ಕನ್ನಡಕಕ್ಕೆ ಉಸಿರು ತಾಗಿದಷ್ಟು.
ಲೆನ್ಸಿನಡಿ ಕವಲು ಬಾಲದ ನೂರಾರು ಜೀವ.
ತಿನ್ನಲು ಏನಿಲ್ಲ, ನಾಡಿದ್ದಿಗೆ ಆಯಸ್ಸಿಲ್ಲ,
ಇರುವುದು ಒಂದೇ ಕೆಲಸ: ಚರ್ಮ ಹುಡುಕುವುದು.
ಸಿಕ್ಕರೆ ಬಾಲವನ್ನು ಹೊಸಿಲಲ್ಲೇ ಕಳಚಿ ಒಳಬರುತ್ತವೆ,
ಚಪ್ಪಲಿ ಬಿಟ್ಟು ಬರುವ ನೆಂಟರ ಹಾಗೆ.

ನಮ್ಮಲ್ಲಿ ಹುಟ್ಟಿದ ಹೊತ್ತೇ ಹೆಸರು.
ನಾನು ನಡುರಾತ್ರಿಯವಳು, ಅವುವೊರ್.
ಇವು ಸೂರ್ಯ ನೆತ್ತಿಗೇರುವಾಗ ಹುಟ್ಟಿದವು,
ಲೆಕ್ಕಕ್ಕೆ ಎಲ್ಲವೂ ಒಚಿಯೆಂಗ್.
ಒಂದೇ ಮೊಟ್ಟೆಯ ಪಡಿಯಚ್ಚು, ಹಾಗಾಗಿ ಬರೀ ಗಂಡು;
ಪಕ್ಕದ ಲೋಟದವು ಬರೀ ಅಚಿಯೆಂಗ್ ಇದ್ದಾವು.
ಇಬ್ಬರೂ ಯಾರದೋ ಯಕೃತ್ತಿನ ನಾಳದಲ್ಲಿ ಸಂಧಿಸಬೇಕು ಮದುವೆಗೆ.
ಆಮೇಲೆ ಗಂಡಿನ ಮೈಯ ಮಡಿಕೆಯಲ್ಲಿ ಹೆಣ್ಣು, ವರ್ಷಗಟ್ಟಲೆ.
ನನ್ನ ಅಕ್ಕನ ಮದುವೆ ಅಷ್ಟು ಬಾಳಲಿಲ್ಲ.

ಅಯೋಡಿನ್, ಎರಡು ಹನಿ.
ಎಲ್ಲ ಕಂದಾಗಿ ನಿಲ್ಲುತ್ತದೆ. ಎಣಿಸುತ್ತೇನೆ.
ಆರುನೂರ ಹನ್ನೆರಡು.
"ಯಾವ ದಂಡೆಯದು?"
"ಏಳು."
ಏಳು ಅನ್ನುವುದು ನನ್ನ ಪುಸ್ತಕದ ಹೆಸರು.
ಅವನಿಗೆ ಅದು ಮಗಳು ಬಟ್ಟೆ ಒಗೆಯುವ ಕಲ್ಲು,
ಮೊಮ್ಮಗ ಒಂಡಿಯೆಕ್ ಉಸಿರು ಕಟ್ಟಿ
ನಲವತ್ತರವರೆಗೆ ಎಣಿಸುತ್ತ ಮುಳುಗಿರುವ ಜಾಗ.
ಬೇಡ ಅನ್ನಬಹುದು. ಅಂದಿದ್ದೇವೆ. ಗೋಡೆಗೆ ಚಿತ್ರವೂ ಬರೆಸಿದ್ದೇವೆ.
ನಲ್ಲಿ ಮೂರು ಕಿಲೋಮೀಟರು ಆಚೆ, ಅದೂ ಬುಧವಾರ.

ಶಾಲೆಯಲ್ಲಿ ಮಾತ್ರೆ ಕೊಡುವ ದಿನ
ಗೆರೆ ಎಳೆದ ಕೋಲಿಗೆ ಬೆನ್ನು ಹಚ್ಚಿ ನಿಂತ ಒಂಡಿಯೆಕ್
ಹಿಮ್ಮಡಿ ಎತ್ತಿದ, ದೊಡ್ಡವನಾಗಲು.
ಎರಡೂವರೆಯ ಬದಲು ಮೂರು ಬಂತು.
ಕಹಿಗೆ ಮುಖ ಕಿವುಚಿ, ನುಂಗಿ,
ಸಂಜೆ ಮತ್ತೆ ಅದೇ ಕಲ್ಲಿನಿಂದ ಹಾರಿದ.

ಹೊಕ್ಕವರು ಹೊಕ್ಕ ಮನೆಯ ಸಂತಾನ ನಿಲ್ಲಿಸುತ್ತಾರೆ.
ಮೊಟ್ಟೆಯಿಡುವ ಕಸುವೆಲ್ಲ ಪರರ ಮಕ್ಕಳಿಗೆ.
ಮೂವತ್ತೊಂದು ಹನ್ನೊಂದು ವಾರ ಹಾಗೇ ಬದುಕಿತು
ಲೆಟ್ಯೂಸ್ ಮೇಯುತ್ತ, ಗಾಜು ಹತ್ತುತ್ತ, ಇಳಿಯುತ್ತ.
ಅದರ ರಕ್ತವೂ ಕೆಂಪು. ಬಲ್ಬಿಗೆ ಹಿಡಿದರೆ ಕಾಣುತ್ತದೆ.
ಹನ್ನೆರಡನೆಯ ವಾರ ನೀರು ತಿಳಿಯಾಗಿಯೇ ಉಳಿಯಿತು.
ಇನ್ನೊಮ್ಮೆ ನೋಡಿದೆ. ಸೊನ್ನೆ.
ಹದಿನಾಲ್ಕನೆಯ ಸೋಮವಾರ ಗಾಜಿನ ಒಳಮೈಗೆ
ಅಂಟಿನ ಒಂದು ಪುಟ್ಟ ಹನಿ, ಅದರೊಳಗೆ ಒಂಬತ್ತು ಚುಕ್ಕೆ.

ಒಬುಯಾನನ್ನು ಕರೆದು ತೋರಿಸಿದೆ.
ಬೂಟಿನಿಂದ ನೀರು ಸೋರಿಸುತ್ತ ಬಹಳ ಹೊತ್ತು ಬಗ್ಗಿ ನಿಂತ.
"ಅಜ್ಜಿಗೆ ವಾಸಿಯಾಯಿತಾ?"
"ಗೊತ್ತಿಲ್ಲ. ಅಪರೂಪಕ್ಕೆ ಹೀಗಾಗುತ್ತದಂತೆ."
"ಮಾತ್ರೆಯಿಲ್ಲದೆ?"

ನನ್ನ ಪುಸ್ತಕದಲ್ಲಿ ಮೂರೇ ಅಂಕಣ:
ಸೋಂಕಿದೆ, ಸೋಂಕಿಲ್ಲ, ಸತ್ತಿದೆ.
ಪೆನ್ನು ಹಿಡಿದು ಕೂತೆ.
ಅವನು ಬೂಟು ಕಳಚಿ ಬಾಗಿಲಲ್ಲೇ ಬಿಟ್ಟ,
ಮೊಮ್ಮಗನನ್ನು ನೀರಿನಿಂದ ಎಬ್ಬಿಸಿ ತರಬೇಕು ಅನ್ನುತ್ತ
ಬರಿಗಾಲಲ್ಲಿ ಹೊರಟ, ಏಳರ ಕಡೆಗೆ.